ಉಸೆರ್ಹಾತನ ಎದೆರಕ್ಷೆ

ನೆರೆಗಾಲದ ಎರಡನೇ ತಿಂಗಳು, ಇಪ್ಪತ್ತೆರಡನೇ ದಿನ. ಬೆಳಗಿನ ರೊಟ್ಟಿ ಬೇಯುವ ಹೊತ್ತಿಗೆ ಪಶ್ಚಿಮ ದಂಡೆಯ ಕಾವಲು ಠಾಣೆಗೆ ಒಬ್ಬ ಹೆಂಗಸು ಬಂದು, ತನ್ನ ಗಂಡನ ಎದೆ ಮೆತ್ತಗಾಗಿದೆ ಎಂದು ದೂರು ಕೊಟ್ಟಳು.

ಬಾಗಿಲಲ್ಲಿ ಕೂತು ಈರುಳ್ಳಿ ಕಚ್ಚುತ್ತಿದ್ದ ಪೇದೆ ಕೆನ್ನ ತಲೆಯೆತ್ತಲಿಲ್ಲ. "ವೈದ್ಯರ ಮನೆ ದಿಬ್ಬದ ಆ ಕಡೆ ಇದೆ ತಾಯಿ. ಬೇಗ ಹೋಗಿ."

"ವೈದ್ಯರು ಏನು ಮಾಡ್ತಾರೆ? ನನ್ನ ಗಂಡ ಸತ್ತು ಎರಡು ತಿಂಗಳಾಯ್ತು."

ಕೆನ್ನ ಈರುಳ್ಳಿ ಕೆಳಗಿಟ್ಟು ಠಾಣಾಧಿಕಾರಿಯನ್ನು ಕರೆಯಲು ಒಳಗೆ ಹೋದ.

ಠಾಣಾಧಿಕಾರಿ ಹೋರ್ಮಿನ ದಕ್ಷಿಣದ ಮರಳುಗಾಡಿನ ಮೆಜಾಯ್ ಕುಲದವನು. ಅವನ ಅಜ್ಜ ಬಿಲ್ಲು ಹಿಡಿದು ಅರಸನ ಸೇವೆಗೆ ಬಂದಿದ್ದ. ಮೊಮ್ಮಗನ ಪಾಲಿಗೆ ಬಂದದ್ದು ಗೋರಿಗಳ ಕಾವಲು ಮತ್ತು ಕಾಯಂ ಬೆನ್ನುನೋವು. ಅವನು ಗೋಡೆಗೆ ಒರಗಿ ಕೂತು ಹೆಂಗಸಿಗೆ ಚಾಪೆ ತೋರಿಸಿದ. ಅವಳು ಕೂರಲಿಲ್ಲ.

"ಹೆಸರು?"

"ಹುನೆರೊ. ಗಣಿ ಮೇಲ್ವಿಚಾರಕ ಉಸೆರ್ಹಾತರ ಹೆಂಡತಿ."

"ಏನಾಯ್ತು?"

"ನಿನ್ನೆ ಸಂಜೆ ಶುದ್ಧಿಶಾಲೆಗೆ ಹೋಗಿದ್ದೆ, ಅವರಿಗೆ ಬಟ್ಟೆ ಸುತ್ತಿ ಮಲಗಿಸಿರೋ ಕಡೆ. ನಾಡಿದ್ದು ಪೆಟ್ಟಿಗೆ ಮುಚ್ಚುತ್ತಾರೆ, ಹೂವಿನ ಹಾರಕ್ಕೆ ಅಳತೆ ಬೇಕಿತ್ತು. ಎದೆ ಮೇಲೆ ಕೈಯಿಟ್ಟೆ. ಎಷ್ಟು ಸುತ್ತು ಬಟ್ಟೆ ಇದ್ದರೂ ಕಲ್ಲು ಕೈಗೆ ಸಿಗಬೇಕಿತ್ತು. ಸಿಗಲಿಲ್ಲ. ದಿಂಬು ಮುಟ್ಟಿದ ಹಾಗಾಯ್ತು."

"ಅಲ್ಲಿ ಕಲ್ಲು ಇಟ್ಟಿದ್ದರು ಅಂತ ನಿಮಗೆ ಹೇಗೆ ಗೊತ್ತು?"

"ಇಡುವಾಗ ಬಾಗಿಲಲ್ಲೇ ನಿಂತಿದ್ದೆ."

ಕಲ್ಲು ಎಂಥದ್ದೆಂದು ಅವಳು ವಿವರಿಸಿದಳು. ಅಂಗೈ ತುಂಬುವಷ್ಟು ದೊಡ್ಡದು, ಕರಿಹಸಿರು ಬಣ್ಣ, ಸಗಣಿ ಉಂಡೆ ಉರುಳಿಸುವ ಜೀರುಂಡೆಯ ಆಕಾರ. ಹೊಟ್ಟೆಯ ಕಡೆ ಗಂಡನ ಹೆಸರು, ಅದರ ಕೆಳಗೆ ಮಂತ್ರದ ಸಾಲುಗಳು. ಮೂರು ವರ್ಷದ ಕೆಳಗೆ ಗಣಿಯಿಂದ ಕೊನೆಯ ಸಲ ಮರಳಿದಾಗ ಆ ಕಲ್ಲನ್ನು ಉಸೆರ್ಹಾತನೇ ತಂದಿದ್ದ. ತಾನೇ ನಿಂತು ಕೆತ್ತಿಸಿದ್ದ.

ಕೆನ್ನ ಮಡಕೆ ಚೂರೊಂದರ ಮೇಲೆ ಪ್ರಥಮ ವರ್ತಮಾನ ವರದಿ ಬರೆದುಕೊಳ್ಳುತ್ತಿದ್ದ. ಚೂರು ತುಂಬಿತು. ಇನ್ನೊಂದನ್ನು ತೆಗೆದುಕೊಂಡ.

"ಅದಿಲ್ಲದೆ ಹೂತರೆ ಏನಾಗುತ್ತೆ ಅಂತ ನಿಮಗೆ ಹೇಳಬೇಕಾ?" ಎಂದಳು ಹುನೆರೊ. "ಸತ್ತವರ ಲೋಕದಲ್ಲಿ ಅವರ ಹೃದಯವನ್ನ ತಕ್ಕಡಿಗೆ ಹಾಕ್ತಾರೆ. ಇನ್ನೊಂದು ತಟ್ಟೇಲಿ ಸತ್ಯದ ಗರಿ. ಬಾಯಿ ಮುಚ್ಚಿಸೋ ಕಲ್ಲು ಇಲ್ಲದಿದ್ದರೆ ಹೃದಯ ಎದ್ದು ನಿಂತು ಏನು ಬೇಕಾದರೂ ಹೇಳಬಹುದು. ಪಕ್ಕದಲ್ಲೇ ಆ ಮೊಸಳೆ ಮೂತಿಯವಳು ಕೂತಿರ್ತಾಳೆ. ನುಂಗಿಬಿಟ್ಟರೆ ಮುಗೀತು. ನಾನು ಸತ್ತು ಹೋದಾಗ ಅಲ್ಲಿ ಯಾರೂ ಇರಲ್ಲ."

"ಹೇಳೋಕೆ ಅವರ ಹೃದಯದಲ್ಲಿ ಏನಾದರೂ ಇತ್ತಾ?"

ಹುನೆರೊ ಅವನನ್ನೇ ನೋಡಿದಳು. "ಹೇಳೋಕೆ ಏನೂ ಇಲ್ಲದ ಹೃದಯ ನಿಮ್ಮ ಹತ್ತಿರ ಇದೆಯಾ, ಸ್ವಾಮಿ?"

ಹೋರ್ಮಿನ ಕೋಲು ಊರಿಕೊಂಡು ಎದ್ದ.

*

ಅದೇ ದಿನ ಮಧ್ಯಾಹ್ನಕ್ಕೆ ಮುಂಚೆ ಶುದ್ಧಿಶಾಲೆಯಲ್ಲಿ ಪಂಚನಾಮೆ ನಡೆಯಿತು. ಶಾಲೆ ಎಂದರೆ ಹಸಿ ಇಟ್ಟಿಗೆಯ ಗೋಡೆ, ಮೇಲೆ ಚಾಪೆಯ ಮಾಡು. ನೆರೆಯ ನೀರು ಹೊಲಗಳನ್ನೆಲ್ಲ ನುಂಗಿ ಶಾಲೆಯ ಮೆಟ್ಟಿಲಿನವರೆಗೆ ಬಂದಿತ್ತು. ಪಂಚರಾಗಿ ಐದು ಜನರನ್ನು ದಾರಿಯಲ್ಲೇ ಹಿಡಿದು ತರಲಾಯಿತು. ಅವರಲ್ಲೊಬ್ಬ ಬೆಸ್ತ ಬಾಗಿಲಲ್ಲೇ ಮೂಗು ಮುಚ್ಚಿಕೊಂಡ.

"ಮೂಗು ಬಿಡೋ," ಎಂದ ಕೆನ್ನ. "ನಿನ್ನ ಬುಟ್ಟಿಗಿಂತ ಇಲ್ಲೇ ವಾಸನೆ ಕಮ್ಮಿ."

ಶಾಲೆಯ ಮುಖ್ಯಸ್ಥ, ಮಂತ್ರ ಓದುವ ನೆಸಮುನ, ಬೋಳಿಸಿದ ತಲೆಗೆ ಎಣ್ಣೆ ಹಚ್ಚಿಕೊಂಡು ಕಾದಿದ್ದ. "ನಮ್ಮ ತಂದೆ ಕಾಲದಿಂದ ಈ ಶಾಲೆಯಲ್ಲಿ ಒಂದು ನೂಲೂ ಕಳೆದಿಲ್ಲ. ಗಂಡ ಸತ್ತ ಹೆಂಗಸರಿಗೆ ಕೈಗೆ ಏನೇನೋ ಸಿಗುತ್ತೆ, ಏನೇನೋ ಸಿಗಲ್ಲ. ಅದಕ್ಕೆಲ್ಲ ಠಾಣೆಯವರು ಓಡಿ ಬರಬೇಕಾ?"

"ಬಿಚ್ಚಿಸಿ," ಎಂದ ಹೋರ್ಮಿನ.

"ಸುತ್ತಿದ್ದನ್ನ ಬಿಚ್ಚೋದು ಅಂದರೆ..."

"ಬಿಚ್ಚಿಸಿ."

ನೆಸಮುನ ಮೂಲೆಯ ಕಡೆ ತಿರುಗಿ ಕೂಗಿದ. "ಇಪೂಯ! ಬಾರಯ್ಯ ಇಲ್ಲಿ."

ಬಟ್ಟೆ ಸುತ್ತುವವರಲ್ಲಿ ಎಲ್ಲರಿಗಿಂತ ಹಿರಿಯ ಇಪೂಯ. ಬೆರಳುಗಳಿಗೆ ರಾಳ ಹತ್ತಿ ಹತ್ತಿ ಚರ್ಮವೇ ಆ ಬಣ್ಣಕ್ಕೆ ತಿರುಗಿತ್ತು. ಅವನು ಕೈ ತೊಳೆದು, ಹೆಣದ ಎಡಗಡೆ ಮಂಡಿಯೂರಿ ಕೂತು, ಎದೆಯ ಪಟ್ಟಿಯ ತುದಿಯನ್ನು ಉಗುರಿನಲ್ಲಿ ಎಬ್ಬಿಸಿದ. ಒಂದು ಕೈ ಬಿಚ್ಚುತ್ತಿದ್ದರೆ ಇನ್ನೊಂದು ಅದನ್ನು ಸುರುಳಿ ಮಾಡುತ್ತಿತ್ತು. ಅವಸರವಿರಲಿಲ್ಲ. ನಿದ್ದೆ ಹೋದವನ ಮೈಮೇಲಿಂದ ಹೊದಿಕೆ ತೆಗೆಯುವಷ್ಟು ಹಗುರವಾಗಿ ಅವನ ಕೈ ಓಡಾಡಿತು.

ಪದರಗಳ ನಡುವೆ ರಕ್ಷೆಗಳು ಒಂದೊಂದಾಗಿ ಬಂದವು. ನೆಸಮುನ ಹೇಳಿದ, ಕೆನ್ನ ಬರೆದುಕೊಂಡ. ಗಂಟಲ ಬಳಿ ಗಿಡುಗ ದೇವರ ನೀಲಿ ಕಣ್ಣು: ಒಡೆದದ್ದು ಮತ್ತೆ ಇಡಿಯಾಗಲಿ ಎಂದು. ಇದೆ. ಅದರ ಕೆಳಗೆ ಒಸಿರಿಸನ ಬೆನ್ನೆಲುಬಿನ ಕಂಬ: ಮಲಗಿದವನು ಎದ್ದು ನಿಲ್ಲಲಿ ಎಂದು. ಇದೆ. ಇಸೆತ್ ದೇವಿಯ ಕೆಂಪು ಗಂಟು: ತಾಯಿಯ ರಕ್ತ ಕಾಯಲಿ ಎಂದು. ಇದೆ. ಬೆರಳುಗಳ ತುದಿಯ ಚಿನ್ನದ ಕವಚಗಳು, ಎಲ್ಲವೂ ಇವೆ.

ಕೊನೆಯ ಪದರ ಸರಿದಾಗ ಎದೆಯ ನಡುವೆ ಕಲ್ಲಿರಲಿಲ್ಲ. ಅಲ್ಲಿ ನಾರುಮಡಿಯ ಒಂದು ಮಡಿಕೆ ಇತ್ತು. ನಾಲ್ಕು ಮೂಲೆಯೂ ಒಳಗೆ ಮಡಚಿ, ಕಲ್ಲಿನದೇ ಅಳತೆಗೆ ಒತ್ತಿ ಕೂರಿಸಿದ್ದು.

ನೆಸಮುನನ ಎಣ್ಣೆತಲೆ ಬೆವರಿತು. ಬಾಗಿಲಲ್ಲಿ ನಿಂತಿದ್ದ ಹುನೆರೊ ಒಂದು ಹೆಜ್ಜೆ ಒಳಗೆ ಬಂದಳು. "ಹೇಳಿದ್ನಲ್ಲ," ಎಂದಳು, ಯಾರಿಗೂ ಅಲ್ಲ.

ಹೋರ್ಮಿನ ಬಗ್ಗಿ ಪಟ್ಟಿಯನ್ನು ಮೂಸಿದ. ಬೆರಳಿನಿಂದ ಒತ್ತಿದ. ಕಾಲಿನ ಕಡೆಯ ರಾಳ ಗಾಜಿನಂತೆ ಗಟ್ಟಿಯಾಗಿತ್ತು. ಎದೆಯ ಕಡೆಯದು ಇನ್ನೂ ಅಂಟುತ್ತಿತ್ತು.

"ಈ ರಾಳ ಹಚ್ಚಿ ಎಷ್ಟು ದಿನ ಆಗಿರಬಹುದು, ಅಜ್ಜ?"

ಇಪೂಯ ಮುಟ್ಟಿ ನೋಡಲಿಲ್ಲ. "ಮೂರು ದಿನ," ಎಂದ.

ಮೂರು ದಿನದ ಕೆಳಗೆ ದೇವರ ದೋಣಿಯ ಹಬ್ಬ. ಈ ದಂಡೆಯ ನಾಯಿಗಳೂ ಆಚೆ ದಂಡೆಗೆ ಹೋಗಿದ್ದ ದಿನ.

*

ಮಧ್ಯಾಹ್ನದ ನಂತರ ಕೆನ್ನ ಕಲ್ಲು ಕೆತ್ತುವವರ ಬೀದಿಯನ್ನು, ಸಂತೆಯನ್ನು, ದೋಣಿಗಟ್ಟೆಯನ್ನು ಜಾಲಾಡಿ ಬಂದ. ಮುಖದ ತುಂಬ ಧೂಳು.

"ಯಾರೂ ನೋಡಿಲ್ಲ ಯಜಮಾನ್ರೇ. ನೋಡಿದರೂ ತಗೊಳ್ಳಲ್ಲ ಅಂತಾರೆ. ಸತ್ತವನ ಹೆಸರು ಕೆತ್ತಿರೋ ಕಲ್ಲು ಯಾರಿಗೆ ಬೇಕು? ಉಜ್ಜಿ ಅಳಿಸೋಕೂ ಆಗಲ್ಲವಂತೆ, ಅಷ್ಟು ಗಟ್ಟಿ. ಒಬ್ಬ ಅಂತೂ ನನ್ನನ್ನೇ ಬೈದ. ಕಳ್ಳನಿಗೆ ತಲೆ ಇದ್ದಿದ್ದರೆ ಬೆರಳಿನ ಚಿನ್ನ ಒಯ್ತಿದ್ದ, ನಿಮಗೆ ತಲೆ ಇದ್ದಿದ್ದರೆ ನನ್ನ ಹತ್ರ ಬರ್ತಿರಲಿಲ್ಲ ಅಂದ."

"ಸರಿಯಾಗೇ ಹೇಳಿದಾನೆ."

"ಯಾವುದನ್ನ?"

"ಎರಡನ್ನೂ." ಹೋರ್ಮಿನ ಬೆನ್ನನ್ನು ಗೋಡೆಗೆ ಉಜ್ಜಿದ. "ನೀನು ಎಷ್ಟು ಗೋರಿಕಳ್ಳರನ್ನ ಹಿಡಿದಿದ್ದೀಯ? ಯಾವನಾದರೂ ಹೆಣವನ್ನ ಬಿಚ್ಚಿದ್ದಾನಾ? ಕೊಯ್ತಾರೆ, ಸುಡ್ತಾರೆ, ಕೈ ಮುರಿದು ಬಳೆ ಎಳೀತಾರೆ. ಇವನು ಬಿಚ್ಚಿದ, ಬೇಕಾದ್ದು ತಗೊಂಡ, ಮತ್ತೆ ಸುತ್ತಿದ. ಜಾಗ ಖಾಲಿ ಬಿಡಲಾರದೆ ಮಡಿಕೆ ಇಟ್ಟ. ಇಷ್ಟು ಮರ್ಯಾದೆಯಿಂದ ಕದಿಯೋನು ಹೊರಗಿನವನಲ್ಲ."

ಹಬ್ಬದ ದಿನ ಶಾಲೆಯಲ್ಲಿ ಯಾರಿದ್ದರು? ಯಾರೂ ಇಲ್ಲ, ಎಂದಿದ್ದ ನೆಸಮುನ. ತಾನು ದೇವರ ದೋಣಿಗೆ ಹೆಗಲು ಕೊಡಲು ಹೋಗಿದ್ದೆ, ಸುತ್ತುವವರು ನಾಲ್ವರಿಗೂ ರಜೆ. ಆದರೆ ಶಾಲೆಯ ಬಾಗಿಲಿಗೆ ಎದುರಾಗಿ ಒಂದು ಅತ್ತಿಮರವಿತ್ತು. ಮರದ ಕೆಳಗೆ ಬಿಯರು ಮಾರುವ ತಾಮಿ ಇದ್ದಳು. ಮಂಡಿನೋವಿನಿಂದ ಅವಳು ಎರಡು ವರ್ಷದಿಂದ ದೋಣಿ ಹತ್ತಿರಲಿಲ್ಲ. ಇಬ್ಬರೂ ಅಲ್ಲಿಗೆ ಹೋದರು.

"ಬಾ ಮಗಾ ಕೆನ್ನ," ಎಂದಳು ತಾಮಿ. "ಹಿಂದಿನ ಎರಡು ಗಡಿಗೆ ಬಾಕಿ ಕೊಡೋಕೆ ಬಂದ್ಯಾ, ಅಥವಾ ನಿಮ್ಮ ಈ ಉದ್ದಣ್ಣನ್ನ ಜಾಮೀನಿಗೆ ಕರಕೊಂಡು ಬಂದ್ಯಾ?"

ಹೋರ್ಮಿನ ಉದ್ದ ಕಾಲು ಮಡಚಿ ಬೇರಿನ ಮೇಲೆ ಕೂತ. "ಹಬ್ಬದ ದಿನ ಇಲ್ಲೇ ಇದ್ದೆಯಾ, ಅಜ್ಜಿ?"

"ಇನ್ನೆಲ್ಲಿ ಹೋಗ್ಲಿ? ದೇವರು ಬೇಕಾದ್ರೆ ನನ್ನ ಹತ್ರ ಬರಲಿ. ಮಂಡಿ ಕೊಟ್ಟೋನು ಅವನೇ ತಾನೆ."

"ಶಾಲೆಯೊಳಗೆ ಯಾರಾದರೂ ಹೋದರಾ?"

"ಹೋಗಿದ್ದು ನೋಡಲಿಲ್ಲ. ಹಿಂದಿನ ಬಾಗಿಲೂ ಇದೆಯಲ್ಲ. ಆದರೆ ಒಳಗೆ ಕೆಲಸ ನಡೀತಿತ್ತು."

"ಹೇಗೆ ಗೊತ್ತು?"

"ಮಂತ್ರ ಕೇಳಿಸ್ತಿತ್ತು. ಬಟ್ಟೆ ಸುತ್ತುವಾಗ ಹೇಳ್ತಾರಲ್ಲ, ಒಂದೊಂದು ಸುತ್ತಿಗೆ ಒಂದೊಂದು ಮಾತು. ಪಾಪ, ಹಬ್ಬದ ದಿನಾನೂ ಇವರಿಗೆ ಬಿಡುವಿಲ್ಲ ಅಂದ್ಕೊಂಡೆ."

"ನೆಸಮುನನ ಧ್ವನೀನಾ?"

ತಾಮಿ ನಕ್ಕಳು. "ಅವನಾ? ಅವನು ಓದಿದರೆ ಹೆಣ ಕಿವಿ ಮುಚ್ಚಿಕೊಳ್ಳುತ್ತೆ. ಇದು ಅಂಥದ್ದಲ್ಲ. ಮೆತ್ತಗೆ. ಮಗು ಮಲಗಿಸೋರ ಹಾಗೆ. ನನಗೇ ಕಣ್ಣು ಎಳೆದುಕೊಂಡು ಹೋಯ್ತು." ನಗು ನಿಧಾನವಾಗಿ ಇಳಿಯಿತು. "ಯಾರೋ ಚಿಕ್ಕ ವಯಸ್ಸಿನವನ ಹೆಣ ಇರಬೇಕು ಅನ್ನಿಸ್ತು. ಸೆನಿ, ಸೆನಿ ಅಂತ ಹೆಸರು ಬರ್ತಾ ಇತ್ತು. ಸೆನಿಯ ಕಾಲು ಎದ್ದು ನಡೆಯಲಿ, ಸೆನಿಯ ಬಾಯಿಗೆ ನೀರು ಸಿಗಲಿ ಅಂತ. ಯಾರ ಮಗನೋ, ಏನೋ."

ಹೋರ್ಮಿನ ಎದ್ದು ರಸ್ತೆ ದಾಟಿ ಶಾಲೆಯ ಬಾಗಿಲಲ್ಲಿ ನಿಂತು ಕೇಳಿದ. "ನಿಮ್ಮಲ್ಲಿ ಸೆನಿ ಎಂಬವನ ಹೆಣ ಇದೆಯಾ? ಈಗ? ಹಬ್ಬದ ದಿನ?"

"ಆ ಹೆಸರಿನವರು ಈ ವರ್ಷ ಯಾರೂ ಬಂದಿಲ್ಲ," ಎಂದ ನೆಸಮುನ.

ಮರಳಿ ಬರುವಾಗ ಕೆನ್ನನ ನಡಿಗೆ ನಿಧಾನವಾಯಿತು. ಠಾಣೆಯ ದಿಬ್ಬ ಹತ್ತುವ ಮುಂಚೆ ನಿಂತುಬಿಟ್ಟ.

"ಯಜಮಾನ್ರೇ, ಆ ಹೆಸರು ನಮ್ಮ ಠಾಣೆ ದಾಖಲೆಯದೇ. ನೀವು ಇಲ್ಲಿಗೆ ಬರೋಕೆ ಮುಂಚಿನ ಮಾತು. ಸೆನಿ ಅಂತ ಒಬ್ಬ ಹುಡುಗ ಕಲ್ಲು ಎಳೆಯೋಕೆ ಗಣಿಗೆ ಹೋಗಿದ್ದ. ನೀರಿನ ಚೀಲ ಕದ್ದು ಓಡಿಹೋದ ಅಂತ ವರದಿ ಬಂತು. ಓಡಿಹೋದವನು ಸಿಗದಿದ್ದರೆ ಅವನ ಬದಲು ಮನೆಯವರನ್ನ ದುಡಿಯೋಕೆ ತರಬೇಕಲ್ಲ. ಅವನ ತಾಯಿನ ಹಿಟ್ಟಿನ ಮನೆಗೆ ಬೀಸೋಕೆ ಕರೆದುಕೊಂಡು ಹೋಗಿದ್ದು ನಾನೇ. ಆಯಮ್ಮ ತಿರುಗಿ ಬಂದ ಮೇಲೆ ಹೆಚ್ಚು ದಿನ ಬದುಕಲಿಲ್ಲ."

"ವರದಿ ಕೊಟ್ಟವರು ಯಾರು?"

"ಮೇಲ್ವಿಚಾರಕ ಉಸೆರ್ಹಾತ."

"ಹುಡುಗನ ಅಪ್ಪ?"

ಕೆನ್ನ ಶಾಲೆಯ ಕಡೆ ನೋಡಿದ. "ಎದೆ ಬಿಚ್ಚಿ ತೋರಿಸಿದನಲ್ಲ, ಅವನೇ."

*

ಇಪ್ಪತ್ತಮೂರನೇ ದಿನ ಬೆಳಿಗ್ಗೆ ಇಪೂಯನ ಮನೆಯ ಶೋಧ ನಡೆಯಿತು. ಒಂದೇ ಕೋಣೆ, ಒಲೆ, ಎರಡು ಮಡಕೆ. ಇಪೂಯ ಹೊಸ್ತಿಲಲ್ಲಿ ಕೂತು ಅವರಿಗೆ ದಾರಿ ಬಿಟ್ಟ. ಏನು ಹುಡುಕುತ್ತೀರಿ ಎಂದು ಕೇಳಲಿಲ್ಲ.

ಒಳಗೆ ಮಂಚದ ಮೇಲೆ ಒಬ್ಬ ಮನುಷ್ಯ ಮಲಗಿದ್ದ. ಕೆನ್ನ ಬೆಚ್ಚಿ ಹಿಂದೆ ಸರಿದ.

ಮನುಷ್ಯನಲ್ಲ. ಅದು ನಾರುಮಡಿಯ ಕಟ್ಟು. ತಲೆ, ಹೆಗಲು, ಮಡಚಿದ ಕೈ, ಕಾಲು, ಎಲ್ಲವೂ ಇದ್ದವು. ಎಳೆ ಹರೆಯದವನ ಅಳತೆ. ಹಳೆಯ ಪಂಚೆ, ಹೆಂಗಸಿನ ಸೆರಗು, ಹರಿದ ಹೊದಿಕೆ, ಹೀಗೆ ಸಿಕ್ಕ ಸಿಕ್ಕ ಬಟ್ಟೆಯನ್ನು ಪಟ್ಟಿ ಸೀಳಿ ವರ್ಷಗಟ್ಟಲೆ ಸುತ್ತಿದ್ದು. ಒತ್ತಿದರೆ ಒಳಗೆ ಎಲುಬಿಲ್ಲ.

"ಸಿಕ್ತು ಯಜಮಾನ್ರೇ," ಎಂದು ಕೆನ್ನ ಪಿಸುಗುಟ್ಟಿದ. "ಇದರ ಎದೇಲಿ ಇಟ್ಟಿರ್ತಾನೆ." ಚೂರಿ ತೆಗೆದ.

"ಕೊಯ್ಯಬೇಡಪ್ಪ," ಎಂದ ಇಪೂಯ ಹೊಸ್ತಿಲಿಂದ. ಅವನ ಧ್ವನಿ ಏರಲಿಲ್ಲ. "ಅದು ಅಲ್ಲಿಲ್ಲ. ನನ್ನ ಮಗನಿಗೆ ಅದು ಬೇಡ. ಅವನ ಹೃದಯದ ಬಾಯಿ ಮುಚ್ಚಿಸೋ ಅಂಥದ್ದು ಏನೂ ಇಲ್ಲ."

ಹೋರ್ಮಿನ ಕೆನ್ನನ ಕೈ ತಡೆದ. ತಾನು ಹೋಗಿ ಮುದುಕನ ಪಕ್ಕ ಹೊಸ್ತಿಲಲ್ಲೇ ಕೂತ. ಕೋಲನ್ನು ದೂರ ಗೋಡೆಗೆ ಒರಗಿಸಿಟ್ಟ.

"ಹಬ್ಬದ ದಿನ ಶಾಲೆಗೆ ಹೋಗಿದ್ದೆಯಾ?"

"ಹೋಗಿದ್ದೆ."

"ಎದೆಯ ಕಲ್ಲು ತೆಗೆದವನು ನೀನೇನಾ?"

"ನಾನೇ."

"ನಿನ್ನೆ ಬಿಚ್ಚೋಕೆ ಕರೆದಾಗ ಯಾಕೆ ಹೇಳಲಿಲ್ಲ?"

"ಕೇಳಲಿಲ್ಲ ನೀವು. ರಾಳ ಎಷ್ಟು ದಿನದ್ದು ಅಂತ ಕೇಳಿದ್ರಿ. ಹೇಳಿದೆ."

ಕೆನ್ನ ಬರೆಯುವ ಚೂರು ಹಿಡಿದು ನಿಂತಿದ್ದ. ಇಪೂಯ ಅವನನ್ನಲ್ಲ, ಬೀದಿಯನ್ನು ನೋಡುತ್ತ ಹೇಳಿದ.

"ಮಗನ ಜೊತೆ ಗಣಿಗೆ ಹೋಗಿದ್ದವನೊಬ್ಬ ಕುಡಿದು ಬಂದು ನನ್ನ ಹತ್ರ ಅತ್ತ. ಬಂಡೆ ಜಾರಿ ಸೆನಿಯ ಕಾಲು ಮುರೀತಂತೆ. ನೀರು ಕಮ್ಮಿ ಇತ್ತು. ಉಸೆರ್ಹಾತ ಹೇಳಿದನಂತೆ, ಈ ಬಂಡೆ ನೆರಳಲ್ಲಿ ಕೂತಿರು ಮಗಾ, ಕತ್ತೆ ಕಳಿಸ್ತೀನಿ ಅಂತ. ಕಲ್ಲು ಹೊತ್ತ ಕತ್ತೆಗಳು ಎಲ್ಲ ಊರು ಸೇರಿದವು. ತಿರುಗಿ ಒಂದೂ ಹೋಗಲಿಲ್ಲ. ಗಣಿ ದಾರೀಲಿ ಸತ್ತರೆ ಅದು ಮೇಲ್ವಿಚಾರಕನ ತಲೆಗೆ ಬರುತ್ತೆ. ಓಡಿಹೋದರೆ ಮನೆಯವರ ತಲೆಗೆ. ಅದಕ್ಕೇ ಓಡಿಹೋದ ಅಂತ ಬರೆಸಿದ."

"ಆ ಜೊತೆಗಾರ ಸಾಕ್ಷಿ ಹೇಳ್ತಾನಾ?"

"ಕುಡಿದಾಗ ಹೇಳ್ತಾನೆ. ಎಚ್ಚರ ಆದಾಗ ಅವನಿಗೂ ಮಕ್ಕಳಿವೆ."

"ನೀನು ಠಾಣೆಗೆ ಬರಬಹುದಿತ್ತು."

"ಬಂದಿದ್ದೆ."

ಕೆನ್ನ ನೆಲ ನೋಡಿದ. ಮೊದಲು ಮಗನನ್ನ ತಂದೊಪ್ಪಿಸು, ಆಮೇಲೆ ಕತೆ ಹೇಳು ಎಂದು ಅಂದು ಬಾಗಿಲಲ್ಲಿ ನಿಂತು ಹೇಳಿದವನು ಅವನೇ.

"ಹಿರಿಯರ ಹಬ್ಬದಲ್ಲಿ ಎಲ್ಲರೂ ಗೋರಿಗಳ ಮುಂದೆ ನಿಂತು ತಮ್ಮ ಸತ್ತವರ ಹೆಸರು ಕೂಗ್ತಾರೆ," ಎಂದ ಇಪೂಯ. "ಕೂಗಿದರೇ ಅಲ್ಲಿ ಅವರು ಇರ್ತಾರೆ. ನಾನು ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ಓಡಿಹೋದವನ ಹೆಸರು ಕೂಗೋ ಹಾಗಿಲ್ಲ. ಆಮೇಲೆ ಉಸೆರ್ಹಾತ ಸತ್ತ. ಅವನನ್ನ ನಮ್ಮ ಶಾಲೆಗೇ ತಂದರು. ಸುತ್ತೋದು ನನ್ನ ಪಾಲಿಗೇ ಬಂತು. ಎದೆ ಮೇಲೆ ಇಡೋಕೆ ಅಂತ ಆ ಕಲ್ಲು ನನ್ನ ಕೈಗೇ ಕೊಟ್ಟರು. ನನ್ನ ಮಗ ಎಳೆದ ಕಲ್ಲು. ಅದರ ಮೇಲೆ ಬರೆದಿರೋದು ಏನು? ಹೃದಯವೇ, ನನ್ನ ಮೇಲೆ ಸಾಕ್ಷಿ ಹೇಳಬೇಡ ಅಂತ." ಅವನು ತನ್ನ ಕಂದು ಬೆರಳುಗಳನ್ನು ನೋಡಿಕೊಂಡ. "ಇಟ್ಟೆ. ಇಟ್ಟು ಸುತ್ತಿದೆ. ಆಮೇಲೆ ನಿದ್ದೆ ಬರಲಿಲ್ಲ. ಇಲ್ಲಿ ಯಾರೂ ಕೇಳಲಿಲ್ಲ. ಅಲ್ಲಾದರೂ ಕೇಳ್ತಾರೆ. ಅಲ್ಲೂ ಬಾಯಿ ಮುಚ್ಚಿಸಿದವನು ನಾನೇ ಆದನಲ್ಲ."

"ಮಂತ್ರ ಯಾಕೆ ಹೇಳಿದೆ? ಸುಮ್ಮನೆ ಸುತ್ತಿದ್ದರೆ ನೀನು ಸಿಗುತ್ತಿರಲಿಲ್ಲ."

"ಬಾಯಿ ಆಡದೆ ಕೈ ಓಡಲ್ಲ. ಐವತ್ತು ವರ್ಷದ ಅಭ್ಯಾಸ." ಇಪೂಯ ಹೆಬ್ಬೆರಳಿನಿಂದ ಬೆರಳಿನ ರಾಳ ಉಜ್ಜಿದ. "ಹೆಸರಿನ ಜಾಗ ಬಂದಾಗ ಉಸೆರ್ಹಾತನ ಹೆಸರು ನಾಲಿಗೆಗೆ ಬರಲಿಲ್ಲ. ಇನ್ನೊಂದು ಬಂತು."

"ಕಲ್ಲು ಎಲ್ಲಿದೆ, ಅಜ್ಜ?"

"ಕದ್ದಿಲ್ಲ ನಾನು. ಶಾಲೇಲೇ ಇದೆ. ಅವನನ್ನ ಒರೆಸಿದ ಚಿಂದಿ, ಹೆಣ ಒಣಗಿಸಿ ಉಳಿದ ಚೌಳುಪ್ಪು ಎಲ್ಲ ತುಂಬಿಸ್ತೀವಲ್ಲ, ಗೋರಿ ಪಕ್ಕ ಹೂಳೋ ಹಂಡೆ. ಅದರ ತಳದಲ್ಲಿ. ಅವನದ್ದು ಅವನ ಜೊತೆಗೇ ಹೋಗ್ತಿತ್ತು. ಎದೆ ಮೇಲೆ ಮಾತ್ರ ಬೇಡ ಅಂತ."

ಹಂಡೆಯನ್ನು ಪಂಚರ ಮುಂದೆ ಬರಿದು ಮಾಡಲಾಯಿತು. ಒದ್ದೆ ಚಿಂದಿಯ ಕೆಳಗೆ, ಶುಭ್ರವಾದ ಹೊಸ ನಾರುಮಡಿಯಲ್ಲಿ ಸುತ್ತಿಟ್ಟ ಕಲ್ಲು ಸಿಕ್ಕಿತು. ಹೋರ್ಮಿನ ಅದನ್ನು ಅಂಗೈಯಲ್ಲಿ ತೂಗಿ ನೋಡಿದ. ಜೀರುಂಡೆಯ ಬೆನ್ನು ನೀರಿನಂತೆ ನುಣುಪಾಗಿತ್ತು.

ಮಧ್ಯಾಹ್ನಕ್ಕೆ ಇಪೂಯನ ಬಂಧನ ದಾಖಲಾಯಿತು. ಕೈ ಕಟ್ಟುವಾಗ ಕೆನ್ನ ಎರಡು ಸಲ ಗಂಟು ತಪ್ಪಿಸಿದ. "ಹೀಗಲ್ಲ," ಎಂದು ಇಪೂಯನೇ ತೋರಿಸಿಕೊಟ್ಟ.

*

ಸಂಜೆ ಹುನೆರೊ ಕಲ್ಲನ್ನು ಪಡೆಯಲು ಠಾಣೆಗೆ ಬಂದಳು. ಹೋರ್ಮಿನ ನಡೆದದ್ದನ್ನು ಹೇಳಿದ. ಅವಳು ಈ ಸಲ ಚಾಪೆಯ ಮೇಲೆ ಕೂತು ಕೇಳಿದಳು. ಒಳಕೋಣೆಯಲ್ಲಿ, ತೆರೆದ ಬಾಗಿಲಿನಾಚೆ, ಇಪೂಯ ಕೂತಿದ್ದ.

"ನಿಮ್ಮ ಗಂಡ ಆ ಹುಡುಗನ ಬಗ್ಗೆ ಯಾವತ್ತಾದರೂ ಮಾತಾಡಿದ್ದರಾ?"

"ಇಲ್ಲ."

"ಸರಿ. ಇಲ್ಲಿ ಗುರುತು ಹಾಕಿ, ಕಲ್ಲು ತಗೊಂಡು ಹೋಗಿ."

ಅವಳು ಗುರುತು ಹಾಕಲಿಲ್ಲ. "ನೀರು ಕುಡಿಯೋವಾಗಲೆಲ್ಲ ಮೊದಲ ಗುಟುಕು ನೆಲಕ್ಕೆ ಚೆಲ್ಲುತ್ತಿದ್ದರು," ಎಂದಳು. "ಮೂರು ವರ್ಷ. ಹಿರಿಯರಿಗೆ ಅಂದ್ಕೊಂಡಿದ್ದೆ. ಅದಕ್ಕೆ ಮುಂಚೆ ಅವರು ಹಿರಿಯರಿಗೆ ಒಂದು ಹನಿ ಬಿಟ್ಟಿದ್ದೂ ನೋಡಿರಲಿಲ್ಲ. ಓಡಿಹೋದವನಿಗೆ ಯಾರಾದರೂ ನೀರು ಬಿಡ್ತಾರಾ, ಸ್ವಾಮಿ?"

ಹೋರ್ಮಿನ ಗುರುತಿನ ಚೂರನ್ನು ಪಕ್ಕಕ್ಕೆ ಸರಿಸಿದ.

ಅವಳು ಸೆರಗಿನ ಗಂಟು ಬಿಚ್ಚಿದಳು. ಗಂಟು ಗಂಟಾಗಿ ಹೆಣೆದ ಒಂದು ಮಾಸಲು ದಾರ. ಅದರ ತುದಿಯಲ್ಲಿ ಬೆರಳಿನುಗುರಿನಷ್ಟು ನೀಲಿ ಮೀನು. "ಅವರ ಕ್ಷೌರದ ಪೆಟ್ಟಿಗೇಲಿ ಸಿಕ್ತು. ಸತ್ತ ಮೇಲೆ. ನಮಗೆ ಮಕ್ಕಳಿಲ್ಲ. ಯಾರದ್ದು ಅಂತ ಗೊತ್ತಾಗಿರಲಿಲ್ಲ."

ಒಳಕೋಣೆಯಲ್ಲಿ ಇಪೂಯ ಮೀನನ್ನು ಕಂಡು ಎದ್ದು ನಿಂತಿದ್ದ. ಹುನೆರೊ ಅದನ್ನು ಗಮನಿಸಿದಳು.

"ಬರ್ಕೊಳ್ಳಿ," ಎಂದಳು ಹುನೆರೊ ಕೆನ್ನನಿಗೆ. "ಸೆನಿ ಓಡಿಹೋಗಲಿಲ್ಲ. ಗಣಿ ದಾರೀಲಿ ಸತ್ತ. ಅವನ ಮೈಮೇಲಿದ್ದದ್ದು ನನ್ನ ಗಂಡನ ಪೆಟ್ಟಿಗೇಲಿ ಇತ್ತು. ಅವರಿಗೆ ಗೊತ್ತಿತ್ತು."

"ಇದನ್ನ ಬರೆದರೆ ಅವರ ಹುದ್ದೆಗೆ ಬಂದ ಹೊಲವನ್ನ ಕಚೇರಿಯವರು ವಾಪಸ್ ತಗೊಳ್ತಾರೆ, ತಾಯಿ," ಎಂದ ಹೋರ್ಮಿನ.

"ಗೊತ್ತು. ಬರ್ಕೊಳ್ಳಿ." ಅವಳು ಕಲ್ಲನ್ನು ಎತ್ತಿಕೊಂಡು ಎದೆಗೆ ಒತ್ತಿ ಹಿಡಿದಳು. "ಇದು ಮಾತ್ರ ಅವರ ಎದೆ ಮೇಲೇ ಇರಬೇಕು. ಅವರು ಹೇಳಬೇಕಾದ್ದನ್ನ ನಾನು ಹೇಳಿಬಿಟ್ಟೆನಲ್ಲ. ಇನ್ನು ಅವರ ಹೃದಯ ಸುಮ್ಮನಿರಲಿ."

ಹೋಗುವಾಗ ದಾರವನ್ನು ಒಳಕೋಣೆಯ ಹೊಸ್ತಿಲ ಮೇಲೆ ಇಟ್ಟಳು. ಇಪೂಯನ ಮುಖ ನೋಡಲಿಲ್ಲ. ಅವಳು ಬಾಗಿಲು ದಾಟುವಾಗ ಅವನೇ ಕರೆದ.

"ಅಮ್ಮಾ. ಕಲ್ಲಿನ ಕೆಳಗೆ ಎರಡು ಪದರ ಹಾಕೋಕೆ ಹೇಳಿ. ಇಲ್ಲದಿದ್ದರೆ ಜಾರುತ್ತೆ."

ಅವಳು ತಲೆಯಾಡಿಸಿ ದಿಬ್ಬ ಇಳಿದಳು.

ಇಪೂಯ ಕಟ್ಟಿದ ಕೈಗಳಲ್ಲೇ ನೀಲಿ ಮೀನನ್ನು ಎತ್ತಿಕೊಂಡ. "ಇವನ ತಾಯಿ ಕಟ್ಟಿದ್ದು," ಎಂದ. "ನದಿ ಪಕ್ಕದ ಮನೆ ನಮ್ಮದು. ನೀರಲ್ಲಿ ಮುಳುಗದಿರಲಿ ಅಂತ."



*

ಇಪ್ಪತ್ತೈದನೇ ದಿನ ಉಸೆರ್ಹಾತನನ್ನು ಎದೆರಕ್ಷೆಯ ಸಮೇತ ಹೂಳಲಾಯಿತು. ಅದೇ ವಾರ ಆಚೆ ದಂಡೆಯ ನ್ಯಾಯಸಭೆಯಿಂದ ತೀರ್ಪು ಬಂತು. ಸೆನಿಯ ಹೆಸರಿನ ಮುಂದೆ ಇದ್ದ "ಓಡಿಹೋದವನು" ಎಂಬುದನ್ನು ಅಳಿಸಿ "ಸತ್ತವನು" ಎಂದು ಬರೆಯತಕ್ಕದ್ದು. ಸುತ್ತಿದ ಹೆಣವನ್ನು ಬಿಚ್ಚಿದ ಅಪರಾಧಕ್ಕೆ ಇಪೂಯನನ್ನು ಪೂರ್ವದ ಮರಳುಗಾಡಿನ ಗಣಿಗೆ ಕಳಿಸತಕ್ಕದ್ದು.

ಹೋರ್ಮಿನ ಅದನ್ನು ಎರಡು ಸಲ ಓದಿಕೊಂಡು, ಆಮೇಲೆ ಮುದುಕನಿಗೆ ಓದಿ ಹೇಳಿದ. ಈ ವಯಸ್ಸಿನಲ್ಲಿ ಗಣಿ ಎಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು.

"ಕರಿಹಸಿರು ಕಲ್ಲಿನ ಗಣಿಗೇನಾ?" ಎಂದು ಕೇಳಿದ ಇಪೂಯ.

"ಹೌದು."

"ದಾರಿ ಅದೇನಾ? ಅವರು ಹೋಗಿದ್ದ ದಾರಿ?"

"ಇರೋದು ಒಂದೇ ದಾರಿ, ಅಜ್ಜ."

ಇಪೂಯ ಕಟ್ಟಿದ ಕೈಯಿಂದಲೇ ನೀಲಿ ಮೀನನ್ನು ತಡವಿದ. "ಹಾಗಾದ್ರೆ ಮನೇಲಿ ಆ ಕಟ್ಟು ಇದೆಯಲ್ಲ, ಅದನ್ನ ತರಿಸಿ ಕೊಡ್ತೀರಾ? ದಾರೀಲಿ ಅವನು ಸಿಕ್ಕರೆ ಬಟ್ಟೆ ಬೇಕಾಗುತ್ತೆ."

ಕೆನ್ನ ಹೋಗಿ ಅದನ್ನು ಮಗುವನ್ನು ಹೊತ್ತು ತರುವಂತೆ ಎರಡೂ ಕೈಯಲ್ಲಿ ಹೊತ್ತು ತಂದ. ಹೋರ್ಮಿನ ಮುದುಕನ ಕೈಯ ಹಗ್ಗ ಬಿಚ್ಚಿಸಿದ. ಇಪೂಯ ಮಂಡಿಯೂರಿ ಕೂತು ತಲೆಯ ಕಡೆಯಿಂದ ಶುರು ಮಾಡಿದ. ಒಂದು ಕೈ ಬಿಚ್ಚುತ್ತಿತ್ತು, ಇನ್ನೊಂದು ಸುರುಳಿ ಸುತ್ತುತ್ತಿತ್ತು. ಹೆಗಲು ಹೋಯಿತು, ಮಡಚಿದ ಕೈ ಹೋಯಿತು, ಕಾಲು ಹೋಯಿತು. ಸುರುಳಿಗಳು ಅವನ ಪಕ್ಕದಲ್ಲಿ ಸಾಲಾಗಿ ಕೂತವು.

ಠಾಣೆಯ ವರದಿಯಲ್ಲಿ ಬರೆಯಲು ಉಳಿದದ್ದು ಒಂದೇ ಸಾಲು. "ಕಲ್ಲು ತೆಗೆದದ್ದಕ್ಕೆ ಕಾರಣ ಅಂತ ಏನು ಹಾಕಲಿ, ಯಜಮಾನ್ರೇ?" ಎಂದು ಕೆನ್ನ ಮೆಲ್ಲಗೆ ಕೇಳಿದ.

ಹೋರ್ಮಿನ ಬೆರಳು ತುಟಿಗಿಟ್ಟು ತಡೆದ. ಮುದುಕನ ಬಾಯಿ ತಾನಾಗಿಯೇ ಆಡತೊಡಗಿತ್ತು, ಮೆತ್ತಗೆ, ಒಂದೊಂದು ಸುತ್ತಿಗೆ ಒಂದೊಂದು ಮಾತು. ಹೆಸರಿನ ಜಾಗ ಬಂದಾಗ ಅವನು ಧ್ವನಿ ತಗ್ಗಿಸಲಿಲ್ಲ.

"ಆ ಹೆಸರನ್ನೇ ಬರಿ," ಎಂದ ಹೋರ್ಮಿನ.